ಅಟ್ಟಕ್ಕೆ ಹಾಕಿದ ತೊಗಲು

ನಾನು ಚಿಕ್ಕವನಿದ್ದಾಗ, ಉರುಳು ಹಾಕುವವನ ಮಗ ಹೈಸ್ಕೂಲಿಗೆ ಹೋಗುವುದು ಆಗದ ಮಾತು ಎಂದವನು ಹುಳಿಯಾರು ಸಂತೆಯ ತೊಗಲು ಸಾಹುಕಾರ. ನನ್ನ ಎದುರಿಗೇ ಅಂದ. ಹಾಗೆ ಅನ್ನಿಸಿಕೊಂಡದ್ದಕ್ಕೆ ಕಾರಣವೂ ನಾನೇ, ಮಕ್ಕಳೇ.

ನಮ್ಮೂರು ಕಂದಿಕೆರೆಯ ಕಡೆ. ತೆಂಗಿನ ಎಳೆಗಾಯಿ ಕಡಿದು ಹಾಳುಮಾಡುವ ಕಬ್ಬೆಕ್ಕುಗಳನ್ನು, ಅಂದರೆ ಮರ ಹತ್ತುವ ಕಾಡುಬೆಕ್ಕುಗಳನ್ನು, ಹಿಡಿಯಲು ತೋಟದವರು ಅಪ್ಪನನ್ನು ಕರೆಯುತ್ತಿದ್ದರು. ಕೂಲಿ ಇಲ್ಲ, ತೊಗಲು ಮಾತ್ರ ನಮ್ಮದು. ತಂತಿಯ ಉರುಳು ಕೂದಲನ್ನು ಕತ್ತರಿಸುತ್ತದೆಂದು ಅಪ್ಪ ಅಂಗೈ ಸುಲಿಯುವಷ್ಟು ಕತ್ತಾಳೆ ನಾರು ಹೊಸೆಯುತ್ತಿದ್ದ. ಮನುಷ್ಯರ ವಾಸನೆ ಹೋಗಲೆಂದು ಅದನ್ನು ಮಟ್ಟೆ ಕೊಳೆತ ನೀರಿನಲ್ಲಿ ಅದ್ದುತ್ತಿದ್ದ. ಆ ನಾತ ಮನೆಯೆಲ್ಲ ತುಂಬಿರುತ್ತಿತ್ತು. ಕೂದಲು ದಟ್ಟವಾಗುವುದು ಮಾಗಿಯ ಚಳಿಯಲ್ಲಿ, ಬೆಲೆ ಸಿಗುವುದೂ ಆಗಲೇ. ಹತ್ತು ಉರುಳಿಗೆ ಒಂದು ಬಿದ್ದರೆ ಹೆಚ್ಚು. ಬಿದ್ದದ್ದು ಸುಮ್ಮನಿರುತ್ತಿರಲಿಲ್ಲ, ಕಚ್ಚಿಸಿಕೊಂಡ ಅಪ್ಪನ ಹೆಬ್ಬೆರಳು ಸೊಟ್ಟಗಾಗಿತ್ತು.

ಆ ಮಾಗಿಯಲ್ಲಿ ಒಂದು ಭಾರಿ ಕಬ್ಬೆಕ್ಕು ಬಿತ್ತು. "ಇದು ನಿನ್ ಹೈಸ್ಕೂಲ್ ಫೀಸು ಕಣ್ಲಾ," ಎಂದು ಅಪ್ಪ ತೊಗಲಿಗೆ ಉಪ್ಪು, ಬೂದಿ ಹಚ್ಚಿ ಕೊಟ್ಟಿಗೆಯ ನೆರಳಿನಲ್ಲಿ ತೂಗುಹಾಕಿ, ಮೂರು ದಿನದ ಕೆಲಸಕ್ಕೆ ಬೇರೆ ತೋಟಕ್ಕೆ ಹೋದ.

ಸಂತೆ ಹತ್ತಿರ ಬಂದರೂ ತೊಗಲು ಹಸಿಯಾಗಿಯೇ ಇತ್ತು. ಒಣಗಿಸುವುದೆಂದರೆ ನಮ್ಮ ಸೀಮೆಯಲ್ಲಿ ಒಂದೇ ದಾರಿ: ಅಟ್ಟ. ಕೆಳಗೆ ಒಲೆಯ ಹೊಗೆ, ಮೇಲೆ ಒಣಗಿ ಕೊಬ್ಬರಿಯಾಗುವ ತೆಂಗಿನಕಾಯಿ.

"ಬ್ಯಾಡ ಕಣೋ, ಅಪ್ಪ ಬಯ್ತದೆ," ಎಂದಳು ಅಕ್ಕ.

"ಕೊಬ್ಬರಿ ಒಣಗಲ್ವಾ? ಇದೂ ಒಣಗ್ತದೆ ಬುಡು," ಎಂದು ನಾನು ಅಟ್ಟ ಹತ್ತಿಸಿಯೇಬಿಟ್ಟೆ. ಸಂತೆಯ ಬೆಳಿಗ್ಗೆ ಅಪ್ಪ ಬಂದಾಗ ಅದನ್ನು ಇಳಿಸಿ ಗೋಣಿಯಲ್ಲಿ ಸುತ್ತಿಟ್ಟಿದ್ದೆ. ಅಪ್ಪ ಬಿಚ್ಚಿ ನೋಡಲಿಲ್ಲ, ನಂಬಿದ.

ಹುಳಿಯಾರು ಸಂತೆಯಲ್ಲಿ ಸಾಹುಕಾರ ಅದನ್ನು ಬಿಚ್ಚಿ, ಕೂದಲು ಹಿಡಿದು ಎಳೆದ. ಹಿಡಿ ಹಿಡಿಯಾಗಿ ಕಿತ್ತುಬಂತು. ಅದನ್ನು ನನ್ನ ಮುಖಕ್ಕೇ ಊದಿದ.

"ಏನ್ಲಾ, ತೊಗಲ್ನ ಕೊಬ್ಬರಿ ಮಾಡ್ಕಂಡ್ ಬಂದಿದ್ದೀಯಾ?" ಎಂದು ಅಪ್ಪನನ್ನು ಕೇಳಿದ.

ಸುತ್ತಲಿನವರು ನಕ್ಕರು. ಅಪ್ಪ ಒಮ್ಮೆ ನನ್ನತ್ತ ನೋಡಿದ. ನನ್ನ ಹೆಸರು ಹೇಳಲಿಲ್ಲ.

"ಹುಡ್ಗ ಹೈಸ್ಕೂಲ್ ಸೇರ್ಬೇಕು, ಸಾವ್ಕಾರ್ರೇ. ನೋಡಿ ಕೊಡಿ."

"ಹೈಸ್ಕೂಲಾ? ಉರ್ಲು ಹಾಕೋನ್ ಮಗಾನಾ? ಈ ಜನ್ಮದಾಗೆ ಆಗಾಕಿಲ್ಲ ಬುಡು. ತಗ, ಬೀಡಿ ಸೇದ್ಕ ಹೋಗು," ಎಂದು ಸಾಹುಕಾರ ಎರಡು ಕಾಸಿನ ಬಿಲ್ಲೆಗಳನ್ನು ತೊಗಲಿನ ಮೇಲೆ ಎಸೆದ.

ಅಪ್ಪ ತೊಗಲನ್ನು ಕೊಡವಿ ಎತ್ತಿಕೊಂಡ. ಬಿಲ್ಲೆಗಳು ಮಣ್ಣಿಗೆ ಉರುಳಿದವು. "ನಿಮ್ ಬೀಡಿ ನೀವೇ ಸೇದ್ಕಳಿ."

ಊರು ಮುಟ್ಟುವವರೆಗೂ ಅಪ್ಪ ತೊಗಲು ಹೊತ್ತು ನನ್ನ ಮುಂದೆ ಬಿರಬಿರನೆ ನಡೆದ. ನನಗೆ ಏಟೇ ವಾಸಿ ಅನ್ನಿಸಿತು. ಹೊಸಲು ದಾಟುವಾಗ ಮಾತ್ರ, "ತೊಗಲು ನೆಳ್ಳಲ್ಲೇ ಒಣಗ್ಬೇಕು ಕಣ್ಲಾ. ಬಿಸಿ ತಾಕಿದ್ರೆ ಕೂದ್ಲು ನಿಲ್ಲಾಕಿಲ್ಲ," ಎಂದ.

ಮಿಕ್ಕ ಚಳಿಯೆಲ್ಲ ನಾನೂ ನಾರು ಹೊಸೆದೆ. ಅಂಗೈ ಬಿರಿದು ರಕ್ತ ಬಂತು. ಮತ್ತೆರಡು ತೊಗಲು ಸಿಕ್ಕವು. ಹುಳಿಯಾರಿಗೆ ಹೋಗದೆ ಅವನ್ನು ತಿಪಟೂರಿಗೆ ಒಯ್ದು ಮಾರಿ ಫೀಸು ಕಟ್ಟಿದೆವು.

ಈಗ ಕಬ್ಬೆಕ್ಕು ಹಿಡಿದರೆ ಜೈಲು. ಅದು ಸರಿಯೇ; ಉರುಳಿನಲ್ಲಿ ಅದು ಒದ್ದಾಡುವುದನ್ನು ನಾನು ನೋಡಿದ್ದೇನೆ. ನಿಮ್ಮ ಫೀಸು ಫೋನಿನಲ್ಲಿ ಹೋಗುತ್ತದೆ, ಅಂಕಪಟ್ಟಿ ಫೋನಿಗೇ ಬರುತ್ತದೆ. ನನ್ನ ಬಿ.ಎ. ಸರ್ಟಿಫಿಕೇಟು ಕಾಗದದ್ದು. ಅದನ್ನು ತಂದು ಮೊದಲು ಅಪ್ಪನ ಕೈಗೇ ಕೊಟ್ಟೆ. ಓದು ಬಾರದ ಅಪ್ಪ ಸೊಟ್ಟ ಹೆಬ್ಬೆರಳಿನಿಂದ ಅದರ ಅಂಚು ತಡವಿದ, ಹಿಂದುಮುಂದು ತಿರುವಿದ, ಬೆಳಕಿಗೆ ಹಿಡಿದ. ಆಮೇಲೆ ಜೋಪಾನವಾಗಿ ಸುತ್ತಿ ನನಗೆ ಕೊಟ್ಟ.

"ಇದನ್ನಾದ್ರೂ ಅಟ್ಟಕ್ಕೆ ಹಾಕ್‌ಬ್ಯಾಡ ಕಣ್ಲಾ."