ಕಾಕಿಯ ಕಲೇಜಿ ಸಾರು

ಭಾನುವಾರ ಎದುರಿಗಿರುವ ಕಾಕಿಯ ಮನೆಯಿಂದ ಕಲೇಜಿ, ಅಂದರೆ ಕುರಿಯ ಲಿವರ್, ಹುರಿಯುವ ವಾಸನೆ ಬಂತು. ಆ ಒಲೆಯ ಮೇಲೆ ಕಲೇಜಿ ಏರದೆ ಎಷ್ಟೋ ವರ್ಷವಾಗಿತ್ತು. ಕಾಕಿ ನೆನಪಾದಳು...

ಶಹಾಪುರದ ನಮ್ಮ ಓಣಿಯವರಿಗೆಲ್ಲ ಅವಳು ಕಾಕಿ. ತವರು ವನದುರ್ಗದ ಕಡೆ, ಕುರಿ ಸಾಕುವ ಮನೆತನ. ಬಾಣಂತಿಗಾಗಲಿ, ಪೆಟ್ಟು ಬಿದ್ದವರಿಗಾಗಲಿ, ರಕ್ತ ಹೋಯಿತೆಂದರೆ ಅವರು ಕಲೇಜಿ ಸಾರು ಕುಡಿಸುತ್ತಿದ್ದರು. ಅವಳ ಗಂಡ ಕಾಕಾನ ಮೆದುಳಿನಲ್ಲಿ ರಕ್ತನಾಳ ಒಡೆದು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದಾಗಲೂ ಅವಳು ಡಬ್ಬಿಯಲ್ಲಿ ಅದನ್ನೇ ತಂದಳು. ಬಾಯಿಂದ ಕೊಡಬಹುದು ಎಂದು ಡಾಕ್ಟರು ಹೇಳಿದ್ದರು. ಮೊದಲ ಚಮಚಕ್ಕೇ ಕಾಕಾ ತೊದಲಿದ, 'ಉಪ್ಪಿಲ್ಲ.'

'ಬಾಯಿ ಸೊಟ್ಟಾದ್ರೂ ನಾಲಿಗಿ ನೆಟ್ಟಗ ಅದ ನೋಡ್ರಿ ಇವರ್ದು!' ಎಂದು ಕಾಕಿ ವಾರ್ಡಿಗೆಲ್ಲ ಕೇಳುವಂತೆ ನಕ್ಕಳು.

ಎರಡು ದಿನಕ್ಕೆ ಅವನ ಸ್ಥಿತಿ ಬಿಗಡಾಯಿಸಿತು. ರಕ್ತಸ್ರಾವ ನಿಂತಿದೆಯಲ್ಲ, ಮತ್ತೇಕೆ ಹೀಗೆ ಎಂದು ಕೇಳಿದೆ. ಹೊರಬಿದ್ದ ರಕ್ತ ಅಲ್ಲೇ ಒಡೆಯುತ್ತದೆ, ಅದರೊಳಗಿನ ಕಬ್ಬಿಣ ಬಿಡುಗಡೆಯಾಗಿ ಸುತ್ತಲಿನ ಜೀವಕೋಶಗಳನ್ನು ಕೆಡಿಸುತ್ತದೆ, ತಡೆಯಬೇಕಾದ ದೇಹದ ಆಂಟಿಆಕ್ಸಿಡೆಂಟುಗಳು ಸಾಲದಾಗುತ್ತವೆ ಎಂದರು ಡಾಕ್ಟರು. ಅದನ್ನು 'ತುಕ್ಕು' ಎಂದು ಕಾಕಿಗೆ ತಿಳಿಸಿದ್ದು ಯಾರು? ಜೀವರಸಾಯನ ಓದಿದವನು ನಾನು, ನಾನೇ ಇರಬೇಕು... ಅಥವಾ ಡಾಕ್ಟರೇ ಇರಬಹುದು.

ಕಾಕಾ ಉಳಿಯಲಿಲ್ಲ. ದಿನಕರ್ಮ ಮುಗಿದ ಮೇಲೆ ಕಾಕಿ ನಮ್ಮ ಕಟ್ಟೆಗೆ ಬಂದು ಕೂತಳು.

'ತಮ್ಮಾ, ಕಲೇಜ್ಯಾಗ ಕಬ್ಬಿಣ ಇರ್ತದಂತ ನರ್ಸಬಾಯಿ ಹೇಳ್ತಿದ್ಳು. ಅವರ ತಲಿಗಿ ತುಕ್ಕ ನಾನೇ ಕುಡಿಸಿದ್ನೇನೋ?'

ಅಲ್ಲ. ಕೆಡಿಸಿದ್ದು ಅವನದೇ ರಕ್ತದ ಕಬ್ಬಿಣ. ಎರಡು ದಿನ ಕುಡಿಸಿದ ಸಾರಿಗೂ ಅದಕ್ಕೂ ಸಂಬಂಧವಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಹೇಳಿದೆನೇ? ಆಮೇಲೂ ಅವಳು ಎಷ್ಟೋ ಸಲ ಕೇಳಿದಳು. ಅವಳ ದನಿ, ಸೆರಗಿನ ಗಂಟು ಬಿಚ್ಚಿ ಕಟ್ಟುತ್ತಿದ್ದ ಬೆರಳು, ಎಲ್ಲ ನೆನಪಿದೆ. ನನ್ನ ಉತ್ತರ ಮಾತ್ರ ನೆನಪಿನಲ್ಲಿ ಎಲ್ಲೂ ಸಿಗುವುದಿಲ್ಲ... ಹಬ್ಬಕ್ಕೆ ಕುರಿ ಕೊಯ್ದರೆ ಕಲೇಜಿಯನ್ನು ಹಾಗೇ ನಮ್ಮ ಮನೆಗೆ ಕಳಿಸಿಬಿಡುತ್ತಿದ್ದಳು.

ಹೋದ ವರ್ಷ ಕಾಕಿಯೂ ತೀರಿಕೊಂಡಳು. ಈ ಭಾನುವಾರ ಸಂಜೆ ಅವಳ ಸೊಸೆ ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು: 'ಸಾರಿನಿಂದ ಮಾವ ಸತ್ತಿಲ್ಲಂತ ನೀವು ಹೇಳಿದ್ರಂತ. ಅತ್ತಿ ಹೋಗೂ ಮುಂದ ಅಂದ್ರು. ಖರೇ ಏನ್ರಿ?'

'ಖರೇನವ್ವಾ' ಅಂದೆ.

ಹೇಳಿದ್ದೆನಾದರೆ ಅಷ್ಟು ವರ್ಷ ಅವಳು ಕೇಳುತ್ತಲೇ ಇದ್ದದ್ದೇಕೆ? ಹೇಳಿರಲಿಲ್ಲವಾದರೆ, ನಾನು ಕೊಡದ ಉತ್ತರವನ್ನು ನನ್ನ ಹೆಸರಲ್ಲಿ ತಾನೇ ಕೊಟ್ಟುಕೊಂಡು ಹೋದಳೇ? ಯಾವುದು ನಿಜವೆಂದು ಬಲ್ಲವಳು ಕಾಕಿ ಒಬ್ಬಳೇ ಇದ್ದಳು.