ಮಾತಿಗೊಂದು ಪೈರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಂಧಘಟ್ಟದ ಕೆಳಗದ್ದೆಯ ಬದುವಿನ ಮೇಲೆ ಸೋಮಮ್ಮ ಸೆರಗು ಹೊದ್ದು ಕುಳಿತಿದ್ದಾರೆ. ನಾಟಿ ಗುಂಪಿಗೆ ಹಾಡು ಹೇಳುವ ಈ ಹಿರಿಯಾಕೆ ಕೆಸರಿಗಿಳಿಯದೆ ಕೂತದ್ದು ೧೯೯೬ರ ಈ ಮಳೆಗಾಲದಲ್ಲೇ ಮೊದಲು. ಗಂಟಲು ಕಟ್ಟಿ, ಪಿಸುದನಿಯಷ್ಟೇ ಉಳಿದಿದೆ. ಅವರ ಜಾಗದಲ್ಲಿ ಇಂದು ಸೊಸೆ ಪ್ರಮೀಳಾ ನಿಂತಿದ್ದಾಳೆ.

ಸೋಮಮ್ಮನ ಹಾಡೇ ಗುಂಪಿನ ಅಳತೆಗೋಲು. ನೆಡಲು ಒಬ್ಬೊಬ್ಬಳಿಗೂ ಒಂದೊಂದು ಪಟ್ಟೆ ನೆಲ; ಹಾಡಿನ ಒಂದು ಮಾತಿಗೆ ಒಂದು ಪೈರು; ಹಾಡಿನ ಸಾಲು ಮುಗಿದರೆ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ. "ಒಂದ್ಸಲ ಗದ್ದೆ ಯಜಮಾನ್ರ ಹೊಸಾ ಸೊಸೇನ ಹೊಗಳಾನ ಅಂತ ಎರಡು ಮಾತು ಜಾಸ್ತಿ ಸೇರುಸ್ಬುಟ್ಟೆ. ಎಲ್ಲಾರ ಕೈನೂವೆ ಪಕ್ಕದೋಳ ಪಟ್ಟೆಗೆ ನುಗ್ಬುಡ್ತು! ಪೈರೆಲ್ಲ ಕಿಕ್ಕೇರಿ ಬಸ್ಸಲ್ಲಿ ಜನ ನಿಂತಂಗೆ ಒತ್ಕಂಡು ನಿಂತ್ಕಂಡ್ವು," ಎಂದು ನಗುತ್ತಾರೆ.

ಇಂದು ಮಾತ್ರ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗದ್ದೆಯ ಒಡೆಯ ತಮ್ಮಯ್ಯ ಪೈರಿನ ಅಂತರ ಅಳೆಯಲು ಗಂಟು ಹಾಕಿದ ಹಗ್ಗವೊಂದನ್ನು ತಂದಿದ್ದಾರೆ. "ಸಾಲು ಕೆಟ್ರೆ ಹಗ್ಗ ಹಿಡಿಯೋರ್ನೇ ಕರುಸ್ತೀನಿ ಕಣಮ್ಮೋ, ಬೇಜಾರು ಮಾಡ್ಕಬ್ಯಾಡಿ," ಎಂದಿದ್ದಾರೆ. ತಾನು ಕಟ್ಟಿದ ಗುಂಪು ತನ್ನ ಕಣ್ಣೆದುರೇ ಚದುರೀತೇ ಎಂದು ಸೋಮಮ್ಮನಿಗೆ ದಿಗಿಲು.

ಪ್ರಮೀಳಾ ಚೆನ್ನಾಗಿಯೇ ಹೇಳುತ್ತಾಳೆ. ಫಜೀತಿ ಬರುವುದು ಗದ್ದೆಯ ಮೂಲೆಯಲ್ಲಿ. ಅಲ್ಲಿ ಎಲ್ಲರ ಪಟ್ಟೆಗಳೂ ಕಿರಿದಾಗುತ್ತವೆ. ಅದಕ್ಕೆಂದೇ ಅತ್ತೆಯ ಬಳಿ ಕುಗ್ಗುತ್ತಾ ಹೋಗುವ ಹಾಡೊಂದಿದೆ. ಸೊಸೆಗೆ ಅದು ಮರೆತೇ ಹೋಗಿದೆ. ಹೇಳಿಕೊಡೋಣವೆಂದರೆ ಸೋಮಮ್ಮನ ದನಿ ಅಷ್ಟು ದೂರ ಹೋಗದು. ತಮ್ಮಯ್ಯ ಹಗ್ಗಕ್ಕೆ ಕೈ ಹಾಕುತ್ತಾರೆ.

ಅಷ್ಟರಲ್ಲಿ ಪ್ರಮೀಳಾ ತನ್ನದೇ ಹಾಡು ತೆಗೆಯುತ್ತಾಳೆ:

ಮೂಲೆ ಗದ್ದೆಗೂ ನೀರು ಬಂತು ಅತ್ತೆ
ಗದ್ದೆಗೂ ನೀರು ಬಂತು ಅತ್ತೆ
ನೀರು ಬಂತು ಅತ್ತೆ
ಬಂತು ಅತ್ತೆ
ಅತ್ತೆ!

ಸಾಲಿಗೊಂದು ಮಾತು ಉದುರುತ್ತದೆ, ಜೊತೆಗೇ ಒಂದು ಪೈರೂ ಕಡಿಮೆಯಾಗುತ್ತದೆ. ಕೊನೆಯ ಮಾತಿಗೆ ಸರಿಯಾಗಿ ಕೊನೆಯ ಪೈರು ಮೂಲೆ ಸೇರುತ್ತದೆ. ಹೆಂಗಸರೆಲ್ಲ ಹೋ ಎಂದು ನಗುತ್ತಾರೆ. ತಮ್ಮಯ್ಯ ಸಾಲಿನತ್ತ ಒಮ್ಮೆ ನೋಡಿ, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

ಸೋಮಮ್ಮನಿಗೆ ಹಿಗ್ಗು ತಡೆಯಲಾಗದೆ ಕಣ್ಣು ತುಂಬಿ ಬರುತ್ತದೆ.

"ಅಯ್, ಇವಳ! ಇದು ನಾನು ಕಲ್ಸಿದ್ದಲ್ಲ ಕಣ್ರವ್ವ," ಎನ್ನುತ್ತಾರೆ. "ಒಂದೊಂದೇ ಮಾತು ಉದುರುಸ್ಕಂಡು ಬಂದು, ಕಡೇಗೆ ನನ್ನೇ ಮೂಲೇಲಿ ನೆಟ್ಬುಟ್ಲು ನೋಡಿ!"