ಷಟರ್ ಏಳದ ಬೆಳಗು

ದೆವ್ವ-ಗಿವ್ವ ಎಂದರೆ ನಗುವ ಜಾತಿಯವಳು ನಾನು. ಕಾಲೇಜಿನಲ್ಲಿ ಫಿಸಿಕ್ಸ್ ಓದಿದವಳು. ಕಟ್ಟಡಕ್ಕೂ ಮನಸ್ಸಿದೆ ಎಂದು ಯಾರಾದರೂ ಹೇಳಿದ್ದರೆ, "ಸಾಕು ಮಾಡ್ರೀ" ಎಂದು ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ನಂಬಿ ಎಂದು ನಿಮಗೂ ಹೇಳುವುದಿಲ್ಲ. ನಡೆದದ್ದಷ್ಟನ್ನು ಹೇಳುತ್ತೇನೆ.

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಮ್ಮ ಅಂಗಡಿ. ಗದಗಿನಿಂದ ಬಂದ ಮಾವನವರು ಒಂದೇ ಕೋಣೆಯಲ್ಲಿ ಇಳಕಲ್ ಸೀರೆ, ಖಣ ಮಾರಲು ಶುರುಮಾಡಿದ್ದರು. ವ್ಯಾಪಾರ ಕುದುರಿದಂತೆ ಮೇಲೊಂದು ಮಾಳಿಗೆ ಎದ್ದು ಪಾತ್ರೆ-ಪಡಗ ಬಂತು, ಅದರ ಮೇಲೆ ಮತ್ತೊಂದು ಎದ್ದು ಮಕ್ಕಳ ಬಟ್ಟೆ, ಆಟಿಕೆ. ಅವರು ತೀರಿಹೋದ ಮೇಲೂ ಅತ್ತೆ ದಿನಾ ಬೆಳಿಗ್ಗೆ ಷಟರಿಗೆ ನೀರು ಚಿಮುಕಿಸಿ, ಅಂಗೈಯಿಟ್ಟು, "ಏಳವಾ, ಮಂದಿ ಬಂದಾರ" ಎನ್ನುತ್ತಿದ್ದರು. ಆಮೇಲೇ ಅಂಗಡಿ ತೆರೆಯುವುದು. ನಾನು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದೆ.

ಮಾಲ್‌ಗಳು, ಮೊಬೈಲ್‌ನಲ್ಲೇ ತರಿಸಿಕೊಳ್ಳುವ ಬಟ್ಟೆಗಳು ನಮ್ಮ ಗಿರಾಕಿಗಳನ್ನು ಸೆಳೆದುಕೊಂಡಿದ್ದವು. "ಈ ದೀಪಾವಳಿನೂ ಕೈ ಹಿಡೀಲಿಲ್ಲಂದ್ರ ಬಿಲ್ಡಿಂಗ್ ಬಿಲ್ಡರ್‌ಗೆ ಕೊಟ್ಟುಬಿಡೂಣು" ಎಂದಿದ್ದರು ನನ್ನ ಗಂಡ. ಅದಕ್ಕೇ ಹಾಕಿದ ದೀಪಾವಳಿ ರಿಯಾಯಿತಿ ಸೇಲ್‌ನ ಮೊದಲ ಬೆಳಿಗ್ಗೆ ನೋಡಿದರೆ, ಅಬ್ಬಬ್ಬಾ, ಜನ ರಸ್ತೆಯವರೆಗೆ ನಿಂತಿದ್ದರು! ಅತ್ತೆ ಎಂದಿನಂತೆ ನೀರು ಚಿಮುಕಿಸಿ ಕರೆದರು. ಷಟರ್ ಏಳಲಿಲ್ಲ.

ಗಂಡ ಎಳೆದರು, ಸೇಲ್ಸ್‌ಮನ್‌ಗಳೆಲ್ಲ ಕೈ ಹಾಕಿದರು. ಊಹುಂ. "ಕಾಕೂ, ಲವ್ಕರ್ ಉಘಡಾ ನಾ!" ಬೇಗ ತೆಗೀರಿ ಎಂದು ಜನ ಮರಾಠಿಯಲ್ಲಿ ಅವಸರಪಡಿಸತೊಡಗಿದರು. ಅತ್ತೆ ಮಾತ್ರ ತಣ್ಣಗೆ, "ಆಕಿಗೆ ಇವತ್ತ ಮನಸಿಲ್ಲ. ಒಂಚೂರು ತಡೀರಿ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅತ್ತೀ, ಆಕಿ ಮನಸ್ಸು ನೋಡ್ಕೋತ ಕುಂತ್ರ ಮಂದಿ ಎಲ್ಲಾ ಮಾಲ್‌ಗೆ ಹೋಗ್ತಾರ!"

ಮಾತು ಮುಗಿಯುವ ಮೊದಲೇ ಒಳಗೆ ಧಡಾರ್ ಎಂದಿತು. ಷಟರಿನ ಸಂದಿಯಿಂದ ಸಿಮೆಂಟಿನ ಧೂಳು ಹೊರಗೆ ಬಂತು. ಅದು ಅಡಗಿದ ಮೇಲೆ ಅತ್ತೆ ಮತ್ತೆ ಅಂಗೈಯಿಟ್ಟರು, ಷಟರ್ ಸಲೀಸಾಗಿ ಮೇಲೇರಿತು. ಸೀರೆ ಕೌಂಟರಿನ ಮೇಲೆ ಛಾವಣಿಯ ದೊಡ್ಡ ತುಂಡೊಂದು ಕಳಚಿ ಬಿದ್ದಿತ್ತು. ಅಷ್ಟೂ ಜನ ಒಳಗಿದ್ದಿದ್ದರೆ! 

ಷಟರ್ ರಿಪೇರಿಯವನು ಎಲ್ಲ ಬಿಚ್ಚಿ ನೋಡಿ, "ಸಬ್ ಠೀಕ್ ಹೈ" ಎಂದ. ನಾವು ಸೋಲಲಿಲ್ಲ. ಗೋದಾಮಿನ ಮಾಲನ್ನು ಎದುರಿನ ಮಂಗಲ ಕಾರ್ಯಾಲಯದ ಮದುವೆ ಹಾಲಿಗೆ ಸಾಗಿಸಿ ಅಲ್ಲೇ ಸೇಲ್ ನಡೆಸಿದೆವು. ಜೀವ ಉಳಿಸಿದ ಅಂಗಡಿ ಎಂಬ ಸುದ್ದಿ ಹಬ್ಬಿ ಕಲ್ಯಾಣ, ಠಾಣೆ ಊರುಗಳಿಂದಲೂ ಜನವೋ ಜನ. ಆ ವ್ಯಾಪಾರದಲ್ಲೇ ಕಟ್ಟಡ ಗಟ್ಟಿಮಾಡಿಸಿದೆವು. ಬಿಲ್ಡರ್ ಮಾತನ್ನು ಗಂಡ ಮತ್ತೆ ಎತ್ತಲಿಲ್ಲ.

ಅಂಗಡಿ ಮತ್ತೆ ತೆರೆಯುವ ದಿನ, ಎಲ್ಲರೆದುರು ಅತ್ತೆ ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. "ಇವತ್ತಿಂದ ನೀ ಎಬ್ಬಸು." ನನಗೆ ನಾಚಿಕೆ. ಮನಸ್ಸಿನಲ್ಲೇ ಹೇಳಿಕೊಂಡು ಎತ್ತಿದೆ. ಏಳಲಿಲ್ಲ.

"ಬಾಯಿ ಬಿಟ್ಟು ಹೇಳ ಯವ್ವಾ, ಆಕಿಗೂ ವಯಸ್ಸಾತು, ಕಿವಿ ಮಂದ" ಎಂದು ಅತ್ತೆ ನಕ್ಕರು.

"ಏಳವಾ, ಮಂದಿ ಬಂದಾರ!" ಎಂದು ಕೂಗಿಯೇಬಿಟ್ಟೆ. ಷಟರ್ ಗಡಗಡನೆ ಮೇಲೇರಿತು. ಜನ ಚಪ್ಪಾಳೆ ತಟ್ಟಿದರು, ನನ್ನ ಕಣ್ಣಲ್ಲಿ ನೀರು.

ಮೊದಲ ಸಲ ನಾನು ಸರಿಯಾಗಿ ಎತ್ತಲಿಲ್ಲವೇನೋ. ಫಿಸಿಕ್ಸ್ ಓದಿದ ತಲೆಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ದಿನಾ ಬೆಳಿಗ್ಗೆ ನನ್ನ ಕೂಗು ಎದುರಿನ ಚಹಾದಂಗಡಿಯವರೆಗೂ ಕೇಳಿಸುತ್ತದೆ.